ಮಳೆಯಿಲ್ಲದ ದಿನದ ಒದ್ದೆ ಛತ್ರಿ

ಪುಸ್ತಕವನ್ನು ಕಣ್ಣಿನಿಂದ ಓದುವುದು ಮೇಲೋ, ಕಿವಿಯಿಂದ ಕೇಳುವುದು ಮೇಲೋ ಎಂಬ ಪ್ರಶ್ನೆ ಮನುಕುಲವನ್ನು ಅನಾದಿ ಕಾಲದಿಂದ ಕಾಡುತ್ತ ಬಂದಿದೆ. ಹೀಗೆ ಬರೆದರೆ ಗಂಭೀರವಾಗಿ ಕಾಣುತ್ತದೆಂದು ಬರೆದೆ. ನಿಜ ಹೇಳಬೇಕೆಂದರೆ ಅದು ಯಾರನ್ನೂ ಕಾಡಿಲ್ಲ. ನನ್ನನ್ನು ಮಾತ್ರ 1978ರ ಬೇಸಿಗೆಯಲ್ಲಿ, ಇಳಕಲ್ಲಿನಲ್ಲಿ, ಸುಮಾರು ಮೂರು ವಾರ ಕಾಡಿತು.

ಆಗ ನನಗೆ ಹುನಗುಂದದಲ್ಲಿ ಗುಮಾಸ್ತನ ನೌಕರಿ. ವಾಸಕ್ಕೆ ಇಳಕಲ್ಲಿನ ನೇಕಾರ ಮಹಾಂತಪ್ಪನವರ ಮನೆಯಲ್ಲಿ ಒಂದು ಕೋಣೆ. ಮದುವೆಯಾಗಿರಲಿಲ್ಲ, ಇಸ್ಪೀಟು ಬರುತ್ತಿರಲಿಲ್ಲ. ಉಳಿದ ದಾರಿ ಪುಸ್ತಕ ಒಂದೇ. ಬಾಗಲಕೋಟೆಯ ಬಸ್ ನಿಲ್ದಾಣದ ಹತ್ತಿರ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿತ್ತು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ನಾಲ್ಕೈದು ಕಾದಂಬರಿ, ಹೆಚ್ಚಾಗಿ ಪತ್ತೇದಾರಿ, ತರುತ್ತಿದ್ದೆ. ಸಾಲೆಯಲ್ಲಿ ಅಂಟಿದ ಚಟವೊಂದು ಬಿಟ್ಟಿರಲಿಲ್ಲ: ತುಟಿ ಅಲ್ಲಾಡಿಸದೆ ನನಗೆ ಓದಲು ಬರುತ್ತಿರಲಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹೀಗೆ ಗೊಣಗುತ್ತಿದ್ದಾಗ ಪಡಸಾಲೆಯಿಂದ ಮಹಾಂತಪ್ಪನವರ ತಾಯಿ ಸಂಗವ್ವನ ದನಿ ಬಂತು.

“ತಮ್ಮಾ, ಒಬ್ಬಾವನ ಏನ ಗೊಣಗತಿ? ಜರಾ ದನಿ ತಗದು ಓದು, ನಾವೂ ಕೇಳತೇವಿ.”

ಹೀಗೆ ನಾನು ಆ ಪಡಸಾಲೆಯ ಅಧಿಕೃತ ಓದುಗನಾಗಿ ನೇಮಕಗೊಂಡೆ. ಆದರೆ ಎಲ್ಲ ದಿನವೂ ಓದುವಂತಿರಲಿಲ್ಲ. ಮಹಾಂತಪ್ಪನವರು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗ ಹೊಡೆಯತೊಡಗಿದರೆ ಲಾಳಿಯ ಸದ್ದಿನಲ್ಲಿ ಎಂಥ ಕೊಲೆಯಾದರೂ ಕೇಳಿಸುತ್ತಿರಲಿಲ್ಲ. ಓದಿಗೆ ಅವಕಾಶವಿದ್ದದ್ದು ಕೊಂಡಿ ಹಾಕುವ ದಿನಗಳಲ್ಲಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು, ಎಳೆಗಳು ಸಾವಿರಗಟ್ಟಲೆ. ಆಗ ಮಗ್ಗಕ್ಕೆ ಮೌನ. ಆ ಕೆಲಸ ಸಂಗವ್ವನದು. ಕಣ್ಣು ಕೈ ಎರಡೂ ಎಳೆಯ ಮೇಲೆ. ಕಿವಿ ಮಾತ್ರ ಖಾಲಿ. ಅಕ್ಕಪಕ್ಕದ ಮನೆಯ ಹೆಂಗಸರೂ ರಾಟೆ ಹಿಡಿದು ಬಂದು ಕೂರುತ್ತಿದ್ದರು.

ಸಂಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅಭಿಪ್ರಾಯಗಳಿಗೆ ಮಾತ್ರ ಏನೂ ಕೊರತೆಯಿರಲಿಲ್ಲ. ಪತ್ತೇದಾರಿ ಕಾದಂಬರಿಗಳ ನಾಯಕರು ಸಿಗರೇಟು ಸೇದುವುದನ್ನು ಬಿಟ್ಟರೆ ಬೇರೆ ಕೆಲಸ ಮಾಡುವುದಿಲ್ಲ ಎಂಬುದು ಆಕೆಯ ಮೊದಲ ತೀರ್ಪು. ಒಮ್ಮೆ ಆಕೆಯ ಅಭಿರುಚಿ ತಿದ್ದುವ ಘನ ಉದ್ದೇಶದಿಂದ ಒಂದು ಉತ್ತಮ ಸಾಹಿತ್ಯದ ಕಾದಂಬರಿ ತಂದು ಓದಿದೆ. ಅದರ ನಾಯಕ ಕಿಟಕಿಯ ಬಳಿ ನಿಂತು ನಲವತ್ತು ಪುಟ ಯೋಚಿಸುತ್ತಾನೆ. ನಲವತ್ತೊಂದನೆಯ ಪುಟಕ್ಕೆ ಸಂಗವ್ವ ಕೇಳಿದಳು: “ಅವನ ಮನ್ಯಾಗ ಹಿರೇರ ಯಾರೂ ಇಲ್ಲೇನು? ಸರೀಪಾ, ಹೋಗಿ ಮಾರಿ ತೊಳಕೋ ಅನ್ನಾಕ?” ರಾಟೆಗಳೆಲ್ಲ ನಕ್ಕವು. ನಾನು ಪುಸ್ತಕ ಮುಚ್ಚಿದೆ.

ವಿಚಿತ್ರವೆಂದರೆ ಎರಡು ತಿಂಗಳ ಮೇಲೆ, ಯಾವುದೋ ಖೂನಿಯ ನಡುವೆ, ಆಕೆ ತಟ್ಟನೆ ಆ ಮನುಷ್ಯನ ಕ್ಷೇಮ ಕೇಳಿದಳು. ಖೂನಿ ಕಥೆ ಮುಗಿದ ಮೇಲೆ ಮುಗಿಯಿತು, ಕಿಟಕಿಯವನು ಮಾತ್ರ ತನ್ನ ತಲೆಯಲ್ಲಿ ಇನ್ನೂ ನಿಂತೇ ಇದ್ದಾನೆ ಎಂದಳು. ಸಾಹಿತ್ಯದ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿದವರನ್ನು ನಾನು ಆಮೇಲೆ ಕಂಡಿಲ್ಲ.

ಆ ಬೇಸಿಗೆಯಲ್ಲಿ ತಂದ ಪತ್ತೇದಾರಿ ಕಾದಂಬರಿಯ ಹೆಸರು ಮರೆತಿದ್ದೇನೆ. ಹೆಸರಿನಲ್ಲಿ ರಕ್ತವಿತ್ತು ಎಂಬುದಷ್ಟು ಖಾತ್ರಿ. ಒಂದು ಬಂಗಲೆಯ ಯಜಮಾನನನ್ನು ತಲೆಗೆ ಹೊಡೆದು ಕೊಂದಿದ್ದಾರೆ. ಮನೆಯಲ್ಲಿ ಇದ್ದವರು ತಮ್ಮ, ಡಾಕ್ಟರ್, ಅಡುಗೆಯವಳು. ಮೂರನೆಯ ಅಧ್ಯಾಯದಲ್ಲಿ ಪತ್ತೇದಾರ ಬಾಗಿಲ ಹಿಂದೆ ಒಂದು ಛತ್ರಿ ನೋಡುತ್ತಾನೆ. ಛತ್ರಿ ಒದ್ದೆಯಾಗಿದೆ. ಅಂದು ಮಳೆ ಬಂದಿಲ್ಲ. ಪತ್ತೇದಾರ ಹುಬ್ಬೇರಿಸಿ ಸಿಗರೇಟು ಹಚ್ಚುತ್ತಾನೆ.

ಸಂಗವ್ವನ ಕೈ ಒಂದು ಕ್ಷಣ ನಿಂತಿತು. “ಇದನ್ನ ನೆನಪಿಟಗೋ,” ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ, ಎಲ್ಲರೂ ನೆನಪಿಟ್ಟುಕೊಂಡೆವು. ಮುಂದಿನ ಮೂರ್ನಾಲ್ಕು ಸಂಜೆ ಓಣಿಯಲ್ಲಿ ಛತ್ರಿಯದೇ ಮಾತು.

ಕೊನೆಯ ಸಂಜೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ, “ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ” ಎನ್ನುವಲ್ಲಿಗೆ 176ನೇ ಪುಟ ಮುಗಿಯಿತು. ಕಣ್ಣು ಮುಂದಿನ ಪುಟಕ್ಕೆ ಹಾಯಿಸಿದೆ. ಮುಂದಿನ ಪುಟವಿರಲಿಲ್ಲ. ಹಿಂದಿನ ರಟ್ಟು ಮಾತ್ರ ಇತ್ತು. ಯಾರೋ ಕೊನೆಯ ಹಾಳೆಗಳನ್ನು ನೀಟಾಗಿ ಹರಿದಿದ್ದರು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಅಷ್ಟು ಜನ ಉಸಿರು ಹಿಡಿದು ಕೂತಾಗ ಮನುಷ್ಯನಿಗೆ ಇಲ್ಲದ ಧೈರ್ಯ ಬರುತ್ತದೆ. ನಾನು ನಿಲ್ಲಿಸದೆ ರಟ್ಟನ್ನು ನೋಡುತ್ತ ಓದುತ್ತ ಹೋದೆ. ಕೊಲೆಗಾರ ಡಾಕ್ಟರ್ ಎಂದೆ. ಆಸ್ತಿಯ ಕಾಗದ, ತಪ್ಪೊಪ್ಪಿಗೆ, ಪೊಲೀಸರು ಎಲ್ಲ ಬಂದರು. ಮುಗಿಸಿದಾಗ ಹೆಂಗಸರು ನಿಟ್ಟುಸಿರು ಬಿಟ್ಟು ಏಳತೊಡಗಿದರು. ಸಂಗವ್ವ ಏಳಲಿಲ್ಲ.

“ಛತ್ರಿ?” ಎಂದಳು.

ಛತ್ರಿಯನ್ನು ನಾನು ಮರೆತೇಬಿಟ್ಟಿದ್ದೆ. ಅದು ಯಾಕೆ ಒದ್ದೆಯಾಯಿತೆಂದು ಪುಸ್ತಕದಲ್ಲಿಲ್ಲ ಎಂದೆ.

“ಎಳಿ ಎಳಿ ಹಿಡಕೊಂಡು ಬಂದಾವ ಕಡೀಕ ಒಂದು ಕೊಂಡಿ ಬಿಡತಾನೇನು? ಇದು ಬರದಾವ ಹೇಳಿದ್ದಲ್ಲ, ನೀ ಹೇಳಿದ್ದು. ಇಷ್ಟೊತ್ತ ಓದಿದಿ, ಒಂದರೆ ಹಾಳಿ ತಿರುವಿದ ಸಪ್ಪಳಾ ಬರಲಿಲ್ಲ.”

ಪಡಸಾಲೆಯಲ್ಲಿ ಎಲ್ಲರೂ ನನ್ನ ಕೈ ನೋಡಿದರು. ಕೈಯಲ್ಲಿ ರಟ್ಟಿತ್ತು.

ಸಂಗವ್ವ ಬೈಯಲಿಲ್ಲ. ಖರೇ ಹಾಳೆ ಸಿಗುವತನಕ ನೀನು ನಮ್ಮ ಮುಂದೆ ಓದಬೇಡ ಎಂದಳು, ಅಷ್ಟೇ. ಮರುದಿನದಿಂದ ಕೊಂಡಿಯ ಕೆಲಸ ನಿಶ್ಶಬ್ದವಾಗಿ ನಡೆಯಿತು. ನಾನು ಕೋಣೆಯಲ್ಲಿ ಒಬ್ಬನೇ ಓದಿ ನೋಡಿದೆ. ಹತ್ತು ಪುಟ ದಾಟುತ್ತಿರಲಿಲ್ಲ. ಅವರಿಗೆ ನಾನು ಓದಿ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕೇಳುವವರಿಲ್ಲದೆ ನನಗೇ ಓದು ಹತ್ತುವುದಿಲ್ಲ ಎಂದು ಆಗ ತಿಳಿಯಿತು.

ಬಾಗಲಕೋಟೆಯ ಅಂಗಡಿಯವರನ್ನು ಹೋಗಿ ಕೇಳಿದೆ. ಅವರ ಹತ್ತಿರ ಇನ್ನೊಂದು ಪ್ರತಿಯಿರಲಿಲ್ಲ. ನನಗಿಂತ ಮೊದಲು ಅದನ್ನು ಒಯ್ದವರು ಬಾದಾಮಿಯ ಕಂಪೌಂಡರ್ ರಾಮಣ್ಣ ಎಂದು ಹೇಳಿದರು. ಮುಂದಿನ ರವಿವಾರ ಬಾದಾಮಿಗೆ ಹೋಗಿ ಮನೆ ಹುಡುಕಿದೆ. ರಾಮಣ್ಣನವರು ಹಾಳೆ ಹರಿದದ್ದನ್ನು ಸ್ವಲ್ಪವೂ ನಾಚದೆ ಒಪ್ಪಿಕೊಂಡರು. ಅವರಿಗೆ ಕೊನೆಯ ಪುಟವನ್ನು ಮೊದಲೇ ನೋಡಿಬಿಡುವ ದುರ್ಬಲತೆಯಿತ್ತಂತೆ. ಅದನ್ನು ಗೆಲ್ಲಲು ಪುಸ್ತಕ ತಂದ ಕೂಡಲೇ ಕೊನೆಯ ಹಾಳೆಗಳನ್ನು ಕಿತ್ತು ಹೆಂಡತಿಯ ವಶಕ್ಕೆ ಕೊಡುತ್ತಿದ್ದರು. ಉಳಿದದ್ದು ಓದಿ ಮುಗಿಸಿದ ಮೇಲೆ ಆಕೆ ಕೊಡಬೇಕು, ಇವರು ಅಂಟಿಸಬೇಕು. ಈ ಸಲ ಆಕೆ ಟ್ರಂಕಿನ ಕೀಲಿಯ ಸಮೇತ ತವರಿಗೆ ಹೋಗಿದ್ದರಿಂದ ಪುಸ್ತಕ ಹಾಗೇ ವಾಪಸಾಗಿತ್ತು.

“ನನಗೂ ಯಾರು ಕೊಂದ್ರು ಗೊತ್ತಾಗಿಲ್ರಿ,” ಎಂದರು ರಾಮಣ್ಣ.

“ನನಗ ಗೊತ್ತೈತಿ,” ಎಂದು, ಹಿಂದಿನ ರಾತ್ರಿಯಷ್ಟೇ ತವರಿನಿಂದ ಬಂದಿದ್ದ ಅವರ ಹೆಂಡತಿ ಟ್ರಂಕು ತೆಗೆದರು. “ನಾ ಯಾವಾಗೂ ಕಡೀದಷ್ಟ ಓದತೇನ್ರಿ. ಎಲ್ಲಾದ್ರಾಗೂ ಪೊಲೀಸರ ಬರತಾರ.”

177ನೇ ಪುಟದಿಂದ ನಾಲ್ಕು ಹಾಳೆ ಸಿಕ್ಕವು. ರಾಮಣ್ಣನವರು ಅಲ್ಲೇ ನಿಂತು ಓದಿ, ತೃಪ್ತಿಯಿಂದ ಚಹಾ ಕುಡಿಸಿ ಕಳಿಸಿದರು.

ಬಸ್ಸಿನಲ್ಲಿ ಆ ಹಾಳೆಗಳನ್ನು ಎರಡು ಸಲ ಓದಿದೆ. ಕೊಲೆಗಾರ ಡಾಕ್ಟರೇ. ನಾನು ರಟ್ಟು ನೋಡಿ ಕಟ್ಟಿದ್ದೂ ಅದನ್ನೇ. ಆದರೆ ಛತ್ರಿ ಎಲ್ಲೂ ಇರಲಿಲ್ಲ. ಬರೆದವನು ಅದನ್ನು ಮೂರನೆಯ ಅಧ್ಯಾಯದಲ್ಲಿ ಬಾಗಿಲ ಹಿಂದೆ ಇಟ್ಟವನು ಅಲ್ಲೇ ಮರೆತಿದ್ದ.

ಈಗ ನನ್ನ ಸಂಕಟ ಶುರುವಾಯಿತು. ಇದ್ದದ್ದನ್ನು ಇದ್ದಂತೆ ಓದಿದರೆ, ಮತ್ತೆ ಸುಳ್ಳು ಹೇಳಿದೆ ಎಂದು ಸಂಗವ್ವ ತಿಳಿಯುತ್ತಾಳೆ. ಛತ್ರಿಯ ಬಗ್ಗೆ ಒಂದು ವಾಕ್ಯ ಸೇರಿಸಿ ಓದಿದರೆ ಖರೇ ಎಂದು ನಂಬುತ್ತಾಳೆ. ಈ ಸಲ ಕೈಯಲ್ಲಿ ಸಪ್ಪಳ ಮಾಡುವ ಹಾಳೆಗಳಿವೆ. ಸತ್ಯ ಹೇಳಿ ಸುಳ್ಳುಗಾರನಾಗುವುದೋ, ಸುಳ್ಳು ಹೇಳಿ ಪ್ರಾಮಾಣಿಕನಾಗುವುದೋ? ಅಮೀನಗಡ ಬಂದರೂ ತೀರ್ಮಾನವಾಗಲಿಲ್ಲ. ಅಲ್ಲಿ ಇಳಿದು ಕರದಂಟು ಕೊಂಡೆ. ಸಾಧಾರಣ ದರ್ಜೆಯ ಮುಕ್ತಾಯದ ಜೊತೆ ಸ್ವಲ್ಪ ಸಿಹಿ ಇರಲಿ ಎಂದು.

ಅಂದು ಸಂಜೆ ಸಂಗವ್ವ ಎಳೆ ಮುಟ್ಟಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಓದಿದೆ. ಒಂದೊಂದು ಹಾಳೆ ತಿರುವಿದಾಗಲೂ ಆಕೆ ಒಂದು ಬೆರಳು ಮಡಚಿದಳು. ಛತ್ರಿಯ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಆಕೆಯ ಬೆರಳು ನೋಡಿ ನುಂಗಿದೆ. ನಾಲ್ಕು ಬೆರಳು ಮಡಚಿದ್ದಾಯಿತು, ಪುಸ್ತಕ ಮುಗಿಯಿತು.

“ಛತ್ರಿ ಇಲ್ಲ ಯವ್ವಾ,” ಎಂದೆ. “ಬರದಾವ ಮರತಾನ.”

ಆಕೆ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು.

“ನೀ ಸೇರಸಬೋದಿತ್ತು.”

“ಹೌದು. ನಿಮಗ ತಿಳೀತೈತಿ ಅಂತ ಅಂಜಿದೆ.”

“ತಿಳೀತಿರಲಿಲ್ಲ,” ಎಂದಳು ಸಂಗವ್ವ. “ಹಾಳಿ ಸಪ್ಪಳಾ ಬರೋಬ್ಬರಿ ಇತ್ತು.”

ಕರದಂಟಿನ ಪೊಟ್ಟಣ ಬಿಚ್ಚಿ ಮೊದಲ ತುಂಡು ನನಗೇ ಕೊಟ್ಟಳು. ಆಮೇಲೆ, ಬರೆದವನು ಬಿಟ್ಟ ಕೊಂಡಿಯನ್ನು ತಾನೇ ಹಾಕಲು ಕೂತಳು. ಒದ್ದೆಯಾಗಲು ಮಳೆಯೇ ಬೇಕೇನು, ನಾವು ದಿನಾ ನೂಲು ತೋಯಿಸುವುದಿಲ್ಲವೇ ಎಂದು ಕೇಳಿದಳು. ಮಳೆಯಿಲ್ಲದ ದಿನ ಛತ್ರಿ ಒದ್ದೆಯಿದೆ ಎಂದರೆ ಅದನ್ನು ಯಾರೋ ತೊಳೆದಿದ್ದಾರೆ. ತೊಳೆದಿದ್ದಾರೆ ಎಂದರೆ ಅದಕ್ಕೆ ರಕ್ತ ಹತ್ತಿತ್ತು. ಡಾಕ್ಟರ್ ಹೊಡೆದದ್ದು ಅದರಿಂದಲೇ.

“ಆದ್ರ ಆ ಡಾಕ್ಟರ್ ತನ್ನ ಕೈಯಾರ ತೊಳದಿರತಾನೇನು? ಊಟದ ತಾಟ ಎತ್ತಿ ಗೊತ್ತಿಲ್ಲ ಅವಗ. ಆ ಮನ್ಯಾಗ ತೊಳಿಯಾಕಿ ಯಾರು?”

ರಾಟೆಗಳು ನಿಂತಿದ್ದವು. ಮಹಾಂತಪ್ಪನವರು ಕುಣಿಯಲ್ಲಿ ಕೂತಲ್ಲಿಂದಲೇ, ನಮ್ಮವ್ವನನ್ನು ಪೊಲೀಸ್ ಖಾತೆಗೆ ಸೇರಿಸಬೇಕಾಗಿತ್ತು ಎಂದರು. ಸೇರಿಸಿದ್ದರೆ ನಿನ್ನ ಸೀರೆಗೆ ಸೆರಗು ಕೂಡಿಸುತ್ತಿದ್ದವರು ಯಾರು ಎಂದು ಆಕೆ ಕೇಳಿದಳು. ಮರುದಿನದಿಂದ ನನ್ನ ಓದು ಮೊದಲಿನಂತೆ ನಡೆಯಿತು.

ಈಗ ಪುಸ್ತಕಗಳು ಫೋನಿನಲ್ಲಿ ತಾವೇ ಓದಿಕೊಳ್ಳುತ್ತವೆ. ಕಣ್ಣು ಮಂಜಾದ ಮೇಲೆ ನಾನೂ ಕೇಳುತ್ತೇನೆ. ಖೂನಿಯದನ್ನೂ ಕೇಳುತ್ತೇನೆ, ಕಿಟಕಿಯ ಬಳಿ ನಿಂತವರದನ್ನೂ ಕೇಳುತ್ತೇನೆ. ಓದುವವರ ದನಿ ಚೆನ್ನಾಗಿರುತ್ತದೆ. ಆದರೆ ಹಾಳೆ ತಿರುವುವ ಸಪ್ಪಳ ಮಾತ್ರ ಬರುವುದಿಲ್ಲ. ಹೀಗಾಗಿ ಪ್ರತಿ ಪುಸ್ತಕದ ಕೊನೆಯಲ್ಲೂ ನನಗೆ ಸ್ವಲ್ಪ ಅನುಮಾನ ಉಳಿಯುತ್ತದೆ.

ಆ ಕಾದಂಬರಿಗೆ ನಾಲ್ಕು ಹಾಳೆಗಳನ್ನು ಅಂಟಿಸಿ ಬಾಗಲಕೋಟೆಯ ಅಂಗಡಿಗೆ ಹಿಂದಿರುಗಿಸಿದೆ. ಕೊನೆಯ ಪುಟದ ಕೆಳಗೆ, ಸಂಗವ್ವ ಹೇಳಿ ಬರೆಸಿದ ಒಂದು ಸಾಲು ನನ್ನ ಅಕ್ಷರದಲ್ಲಿದೆ: ಛತ್ರಿಯನ್ನು ತೊಳೆದವಳು ಅಡುಗೆಯವಳು.