ದಿನಾ ಹಗುರಾಗುತ್ತಿದ್ದ ಕೋಳಿ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮ ಹಾಗೆ ಮುಂದಿನ ಹಲ್ಲು ಬಿದ್ದು ಬಾಯಿ ಬೋಳಾಗಿದ್ದಾಗ, ಭಂಕೂರಿನ ನಮ್ಮ ಮನೆಯಲ್ಲಿ ಕಲ್ಲಿಲ್ಲದ ಜಾಗವೇ ಇರಲಿಲ್ಲ. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲಿನ ಮಾಳಿಗೆಯೂ ಫರಸಿ ಕಲ್ಲು. ಅಪ್ಪ ಗೌಂಡಿ. ಶಹಾಬಾದ, ವಾಡಿ, ಚಿತ್ತಾಪುರ ಎಂದು ತಿರುಗಿ ಜನರ ಮನೆ ಕಟ್ಟುತ್ತಿದ್ದ, ನೆಲ ಹಾಸುತ್ತಿದ್ದ. ಒಡೆದು ಉಳಿದ ಫರಸಿ ತುಂಡುಗಳನ್ನು ತಂದು ಹಿತ್ತಲಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ನಮ್ಮ ಕೋಳಿಗಳಿಗೂ ಒಂದು ಕಲ್ಲಿನ ಗೂಡು ಕಟ್ಟಿಕೊಟ್ಟಿದ್ದ. ಊರಿನ ಎಷ್ಟೋ ಮನೆಗಳಿಗಿಂತ ಅದು ಗಟ್ಟಿಯಾಗಿತ್ತು ಎಂದು ಅವ್ವ ಅಪ್ಪನನ್ನು ಕೆಣಕುತ್ತಿದ್ದಳು.

ಅಪ್ಪ ಕೆಲಸದಿಂದ ತರುತ್ತಿದ್ದ ಇನ್ನೊಂದು ವಸ್ತು ಸಿಮೆಂಟಿನ ಖಾಲಿ ಚೀಲ. ಆಗ ಅದು ಪ್ಲಾಸ್ಟಿಕ್ಕಿನದಲ್ಲ, ಸೆಣಬಿನದು. ಅವ್ವ ಅದನ್ನು ಹಳ್ಳಕ್ಕೆ ಒಯ್ದು ನೆನೆಹಾಕಿ, ಬಡಿದು ಬಡಿದು ಬೂದು ನೀರೆಲ್ಲ ಹೋಗುವ ತನಕ ಒಗೆಯುತ್ತಿದ್ದಳು. ಆಮೇಲೆ ಅದು ನಮಗೆ ಹಾಸಿಗೆಯಾಗುತ್ತಿತ್ತು, ಬಚ್ಚಲಿನ ಪರದೆಯಾಗುತ್ತಿತ್ತು, ಮಳೆಗಾಲದಲ್ಲಿ ತಲೆಯ ಮೇಲಿನ ಕೊಪ್ಪೆಯಾಗುತ್ತಿತ್ತು.

ಕೋಳಿಗಳಲ್ಲಿ ಬೂದಿ ಎಂಬುದು ಅಕ್ಕನದು. ಅದರ ಮೈ ಒಲೆಯ ಬೂದಿಯ ಬಣ್ಣ, ಕಾಲು ಹಳದಿ. ಅದರ ಜೊತೆ ಹುಟ್ಟಿದ ಮರಿಗಳನ್ನೆಲ್ಲ ಹದ್ದು ಒಯ್ದಿತ್ತು. ಉಳಿದ ಈ ಒಂದನ್ನು ಅಕ್ಕ ಲಂಗದ ಮಡಿಲಲ್ಲಿ ಇಟ್ಟುಕೊಂಡು ತಿರುಗಿ ದೊಡ್ಡದು ಮಾಡಿದ್ದಳು. ಹಾಗಾಗಿ ಬೂದಿಗೆ ತಾನು ಕೋಳಿ ಎಂಬುದು ಅಷ್ಟಾಗಿ ಗೊತ್ತಿರಲಿಲ್ಲ. ಅಕ್ಕ ಊಟಕ್ಕೆ ಕೂತರೆ ತಾನೂ ಬಂದು ತಾಟಿನ ಪಕ್ಕ ಕೂರುತ್ತಿತ್ತು.

ಆ ವರ್ಷದ ಚಳಿಯಲ್ಲಿ ಕಲ್ಲು ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ಕಲ್ಲಿನ ಗೂಡಿನಲ್ಲಿ ಕೋಳಿಗಳು ಸೆಟೆದು ಹೋಗುತ್ತವೆ ಎಂದು ಅಕ್ಕ ಅಪ್ಪನ ಬೆನ್ನು ಹತ್ತಿದಳು. ಅಪ್ಪ ಅಂದು ತಂದಿದ್ದ ಚೀಲವನ್ನೇ ಗೋಡೆಗೆ ನಾಲ್ಕು ಸಲ ಬಡಿದು ಕೊಡವಿ ಗೂಡಿನೊಳಗೆ ದಪ್ಪಗೆ ಹಾಸಿಬಿಟ್ಟ. ಒಗೆದು ಕೊಡುತ್ತೇನೆ ತಡಿ ಎಂದು ಅವ್ವ ಹೇಳಿದ್ದಕ್ಕೆ, ಕೋಳಿಗಳಿಗೆ ಮಡಿ ಹಾಸಿಗೆ ಬೇಕಾಗಿಲ್ಲ ಎಂದು ನಕ್ಕ. ಕೋಳಿಗಳು ಆ ರಾತ್ರಿ ಬೆಚ್ಚಗೆ ಮಲಗಿದವು, ಅಕ್ಕನೂ ಮಲಗಿದಳು.

ದಿನಾ ಸಂಜೆ ಕೋಳಿಗಳನ್ನು ಒಂದೊಂದಾಗಿ ಎತ್ತಿ ಗೂಡಿಗೆ ಬಿಡುವುದು ಅಕ್ಕನ ಕೆಲಸ. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಬೂದಿಯನ್ನು ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. ಬೂದಿ ಹಗುರಾಗಿದೆ ಎಂದಳು. ಪುಕ್ಕ ಉದುರಿಸುವ ಕಾಲ ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. ಮರುದಿನ ಇನ್ನಷ್ಟು ಹಗುರವಾಗಿತ್ತು. ಅದರ ಮರುದಿನ ಅಕ್ಕ ಕೋಳಿಯನ್ನು ತಂದು ನನ್ನ ಕೈಗೇ ಕೊಟ್ಟಳು. ತುಂಬಿದೆಯೆಂದು ತಿಳಿದು ಖಾಲಿ ಕೊಡ ಎತ್ತಿದರೆ ಕೈ ತಾನಾಗಿ ಮೇಲಕ್ಕೆ ಜಿಗಿಯುತ್ತದಲ್ಲ, ನನಗೆ ಹಾಗಾಯಿತು. ಪುಕ್ಕದೊಳಗೆ ಬೆರಳು ತೂರಿಸಿದರೆ ಎದೆಯ ನಡುವಿನ ಎಲುಬು ಕುಡುಗೋಲಿನ ಅಂಚಿನಂತೆ ಕೈಗೆ ಹತ್ತಿತು. ನಾನು ಹೆದರಿ ಕೋಳಿಯನ್ನು ವಾಪಸ್ಸು ಕೊಟ್ಟುಬಿಟ್ಟೆ.

ಆದರೆ ಒಂದು ವಿಚಿತ್ರವಿತ್ತು. ಕೋಳಿಗೆ ಕೊರಳ ಕೆಳಗೆ, ತಿಂದ ಕಾಳು ಮೊದಲು ಹೋಗಿ ತುಂಬಿಕೊಳ್ಳುವ ಒಂದು ಚೀಲ ಇರುತ್ತದೆ. ಬೂದಿಯ ಮೈಯೆಲ್ಲ ಸೊರಗಿದ್ದರೂ ಆ ಚೀಲ ಮಾತ್ರ ಬೆಳಿಗ್ಗೆ ಸಂಜೆ ದುಂಡಗೆ ತುಂಬಿಯೇ ಇರುತ್ತಿತ್ತು. ಅದನ್ನು ನೋಡಿ, ತಿನ್ನುತ್ತಿದೆಯಲ್ಲ, ಬದುಕುತ್ತದೆ ಬಿಡು ಎಂದು ಅವ್ವ ಸಮಾಧಾನ ಮಾಡಿಕೊಂಡಳು.

ಬದುಕುವ ಲಕ್ಷಣ ಕಾಣಲಿಲ್ಲ. ಕೆಂಪು ಜುಟ್ಟು ಬಿಳಚಿಕೊಂಡು ಒಂದು ಕಡೆ ಜೋತುಬಿತ್ತು. ಬಿಸಿಲಿನಲ್ಲಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೂತೇ ಇರುತ್ತಿತ್ತು. ಬಾಯಿ ತೆರೆದರೆ ಹಳಸಿದ ಅಂಬಲಿಯ ಹುಳಿ ನಾತ. ಅವ್ವ ಬಳ್ಳೊಳ್ಳಿ ಜಜ್ಜಿ ಅರಿಶಿಣ ಸೇರಿಸಿ ಉಂಡೆ ಮಾಡಿ ನುಂಗಿಸಿದಳು. ಅಜವಾನದ ನೀರು ಕುಡಿಸಿದಳು. ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿಯನ್ನೂ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟಿಗೆ ಮನೆಮಂದಿಯೆಲ್ಲ ಸೀನಿದೆವು, ಬೂದಿಗೆ ಸೀನುವ ಶಕ್ತಿಯೂ ಇರಲಿಲ್ಲ. ಅಕ್ಕ ಅದನ್ನು ತೊಡೆಯಿಂದ ಕೆಳಗಿಳಿಸುತ್ತಲೇ ಇರಲಿಲ್ಲ. ಬಟ್ಟೆಯ ತುದಿಯನ್ನು ಮಜ್ಜಿಗೆಯಲ್ಲಿ ಅದ್ದಿ ಕೊಕ್ಕಿಗೆ ಹಿಂಡುತ್ತಿದ್ದಳು. ತಾನೂ ಸರಿಯಾಗಿ ಊಟ ಮಾಡದೆ ಅವಳ ಮುಖವೂ ಸಣ್ಣದಾಗುತ್ತ ಬಂತು.

ಕೊನೆಗೆ ಅಪ್ಪ ತೀರ್ಮಾನ ಹೇಳಿದ. "ಐತವಾರ ಮುಲ್ಲಾ ಕಾಕಾಗ ಕರೀರಿ. ಅದಕ್ಕ ಎಷ್ಟು ತ್ರಾಸ ಆಗ್ಲಿಕತ್ತಾದ, ಕಣ್ಣಿಗಿ ಕಾಣಲ್ಲೇನು? ತಾನಾಗೇ ಸತ್ರ ಸುಮ್ಮ ಒಗೀಬೇಕಾಗ್ತದ."

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮ ಓಣಿಯಲ್ಲಿ ಆಗ ಯಾರೂ ತಮ್ಮ ಕೋಳಿಯನ್ನು ತಾವೇ ಕೊಯ್ಯುತ್ತಿರಲಿಲ್ಲ. ಮಸೀದಿಯ ಪಕ್ಕದ ಮನೆಯ ಮುಲ್ಲಾ ಕಾಕಾ ಬಂದು, ಕೋಳಿಗೆ ನೀರು ಕುಡಿಸಿ, ದೇವರ ಹೆಸರು ಹೇಳಿ ಕೊಯ್ಯಬೇಕು. ಅವರು ಕೊಯ್ದದ್ದನ್ನೇ ನಾವು ತಿನ್ನುತ್ತಿದ್ದೆವು, ಹಬ್ಬವಿರಲಿ, ನೆಂಟರು ಬರಲಿ. ಸುಗ್ಗಿಯಲ್ಲಿ ಮನೆಮನೆಯಿಂದ ಅವರಿಗೆ ಜೋಳ ಹೋಗುತ್ತಿತ್ತು. ತಾನಾಗಿ ಸತ್ತ ಕೋಳಿ ಯಾರ ಬಾಯಿಗೂ ಅಲ್ಲ. ಹಾಗಾಗಿ, ಇನ್ನು ಉಳಿಯುವುದಿಲ್ಲ ಎನಿಸಿದ ಕೋಳಿಯನ್ನು ಜೀವ ಹೋಗುವ ಮೊದಲೇ ಕಾಕಾನ ಕೈಗೆ ಕೊಡುತ್ತಿದ್ದರು. ಅಪ್ಪ ಕಟುಕನಾಗಿರಲಿಲ್ಲ, ಎಲ್ಲರೂ ಮಾಡುವುದನ್ನೇ ಹೇಳಿದ್ದ. ಆದರೆ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದವಳು ಯಾರು ಕರೆದರೂ ಏಳಲಿಲ್ಲ.

ಐತವಾರ ಬೆಳಿಗ್ಗೆ ಕಾಕಾ ಬಂದರು. ಬಿಳಿ ಗಡ್ಡ, ಹೆಗಲಿಗೆ ಚೌಕಳಿ ಟವೆಲು, ಕೈಯಲ್ಲಿ ಬಟ್ಟೆ ಸುತ್ತಿದ ಚೂರಿ. ಅಕ್ಕ ಬೂದಿಯನ್ನು ಎದೆಗೆ ಒತ್ತಿಕೊಂಡು ಗೂಡಿನ ಪಕ್ಕ ಕೂತಿದ್ದಳು. ಕಾಕಾ ಅವಳ ಕೈಯಿಂದ ಕಿತ್ತುಕೊಳ್ಳಲಿಲ್ಲ. ಅವಳ ಎದುರಿಗೇ ಕುಕ್ಕರಗಾಲಲ್ಲಿ ಕೂತು, ಪದ್ಧತಿಯಂತೆ ಲೋಟದಿಂದ ಕೋಳಿಯ ಬಾಯಿಗೆ ನೀರು ಬಿಟ್ಟರು. ನೀರು ಒಳಗೆ ಹೋಯಿತು. ಮರುಗಳಿಗೆಯಲ್ಲಿ ಕೊಕ್ಕಿನ ಎರಡೂ ಬದಿಯಿಂದ ವಾಪಸ್ಸು ಸುರಿಯಿತು. ಇನ್ನೊಮ್ಮೆ ಬಿಟ್ಟರು, ಇನ್ನೊಮ್ಮೆ ಸುರಿಯಿತು. ಕಾಕಾ ಲೋಟ ಕೆಳಗಿಟ್ಟು ಬೂದಿಯ ಕೊರಳ ಕೆಳಗೆ ಕೈಯಿಟ್ಟು ಒತ್ತಿದರು. ಅವರ ಹುಬ್ಬು ಗಂಟಾಯಿತು.

"ಗೌಂಡಿ, ಇದು ರೋಗ ಅಲ್ಲಪ," ಎಂದರು ಅಪ್ಪನಿಗೆ. "ಇಲ್ಲಿ ಏನೋ ಅಡ್ಡ ಸಿಕ್ಕಾದ. ಕಾಳು ಕೆಳಗ ಇಳೀಲಿಕತ್ತಿಲ್ಲ. ತೆಗದು ನೋಡ್ಲೇನು?"

ಅಪ್ಪನಿಗೆ ಅರ್ಥವಾಗಲಿಲ್ಲ. "ಜೀವ ಇದ್ದಾಗೇನ್ರಿ?" ಎಂದ.

"ಜೀವ ಇದ್ದಾಗೇ. ಹೆಂಗೂ ಸಾಯೂದದ. ಉಳದ್ರ ಈ ಹುಡುಗಿ ನಸೀಬ."

ಅಕ್ಕ ಹೂಂ ಎಂದಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ಅವಳು ಕೋಳಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿ ರೆಕ್ಕೆ ಹಿಡಿದಳು, ನನಗೆ ಕಾಲು ಹಿಡಿಯಲು ಹೇಳಿದರು. ಅವ್ವ ನೀರು ಕಾಯಿಸಿ ತಂದಳು, ಕೌದಿ ಹೊಲಿಯುವ ಸೂಜಿಗೆ ದಾರ ಪೋಣಿಸಿದಳು. ಕಾಕಾ ಚೂರಿಯ ತುದಿಯನ್ನು ಒಲೆಯ ಕೆಂಡಕ್ಕೆ ಹಿಡಿದು ಆರಿಸಿದರು, ಕೊರಳ ಕೆಳಗಿನ ಪುಕ್ಕವನ್ನು ಬೆರಳಿನಿಂದ ಕಿತ್ತು ಜಾಗ ಮಾಡಿದರು. ಆಮೇಲೆ ಮೆಲ್ಲಗೆ ಬಿಸ್ಮಿಲ್ಲಾ ಎಂದರು. ಆ ಮಾತು ಕೇಳಿದರೆ ಕೋಳಿಯ ಜೀವ ಹೋಯಿತು ಎಂದೇ ಅಲ್ಲಿಯವರೆಗೆ ನನ್ನ ಲೆಕ್ಕ. ಅವರು ಯಾವ ಕೆಲಸ ಶುರು ಮಾಡುವಾಗಲೂ ಅದನ್ನೇ ಹೇಳುತ್ತಾರೆ ಎಂಬುದು ನನಗೇನು ಗೊತ್ತು? ಗಟ್ಟಿಯಾಗಿ ಕಣ್ಣು ಮುಚ್ಚಿದೆ.

ಕೈಯಲ್ಲಿದ್ದ ಕಾಲು ಒಮ್ಮೆ ಒದ್ದುಕೊಂಡಿತು, ಆದರೆ ತಣ್ಣಗಾಗಲಿಲ್ಲ. ಕಣ್ಣು ತೆರೆದೆ. ಬೂದಿ ನನ್ನನ್ನೇ ನೋಡುತ್ತಿತ್ತು. ಅದರ ಎದೆಯ ಮೇಲೆ ನನ್ನ ಹೆಬ್ಬೆರಳಿನಷ್ಟು ಉದ್ದದ ಬಾಯಿ ತೆರೆದಿತ್ತು, ರಕ್ತ ನಾಲ್ಕು ಹನಿಯೂ ಇರಲಿಲ್ಲ. ಜೀವವಿರುವ ಪ್ರಾಣಿಯ ಒಳಗನ್ನು ನಾನು ಅಂದೇ ಮೊದಲು ನೋಡಿದ್ದು.

ಕಾಕಾ ಎರಡು ಬೆರಳು ಒಳಗೆ ಹಾಕಿ ಏನನ್ನೋ ಹಿಡಿದೆಳೆದರು. ಹುಳಿ ನಾತ ಗಪ್ಪನೆ ಬಡಿಯಿತು. ಬೂದು ಬಣ್ಣದ ಎಳೆಗಳು ಬಂದವು, ಬರುತ್ತಲೇ ಇದ್ದವು, ಕೊಳೆತ ಜೋಳದ ಕಾಳು ಅಂಟಿಕೊಂಡ ಉದ್ದುದ್ದ ಎಳೆಗಳು. ಅದರ ಕೊನೆಗೆ ಬಂದ ಗಡ್ಡೆಯೊಂದು ಅವರ ಕೈಯಿಂದ ಜಾರಿ ಫರಸಿಯ ಮೇಲೆ ಬಿತ್ತು. ಟಕ್ಕೆಂದಿತು. ಕೋಳಿಯ ಹೊಟ್ಟೆಯಿಂದ ಬಂದದ್ದು ಕಲ್ಲಿನ ಮೇಲೆ ಕಲ್ಲು ಬಿದ್ದ ಹಾಗೆ ಸದ್ದು ಮಾಡಿತು.

ಅಪ್ಪ ಅದನ್ನು ಎತ್ತಿಕೊಂಡ. ಲೋಟದ ನೀರಿನಿಂದ ತೊಳೆದ, ಹೆಬ್ಬೆರಳಿನಿಂದ ಉಜ್ಜಿದ. ದಿನಾ ಕಲಸುವ ವಸ್ತು ಅವನಿಗೆ ಗುರುತು ಸಿಗದಿರುತ್ತದೆಯೇ? ಸೆಣಬಿನ ಎಳೆಗಳ ನಡುವೆ ಸಿಮೆಂಟು ಗಟ್ಟಿಯಾಗಿ ಹಿಡಿದಿತ್ತು. ಬೂದಿ ದಿನವೂ ಹಾಸಿಗೆಯ ಎಳೆ ಕಿತ್ತು ನುಂಗಿತ್ತು, ಎಳೆಯ ಜೊತೆ ಪುಡಿ ಹೋಗಿತ್ತು, ಅದರ ಮೇಲೆ ನಾವೇ ಮಜ್ಜಿಗೆ, ಅಜವಾನದ ನೀರು ಎಂದು ಎರೆದಿದ್ದೆವು. ಅಪ್ಪ ಎದ್ದು ಹೋಗಿ ಗೂಡಿನೊಳಗಿಂದ ಚೀಲವನ್ನು ಜಗ್ಗಿ ತೆಗೆದ. ಅದರ ಒಂದು ಮೂಲೆ ಇಲಿ ಕಡಿದ ಹಾಗೆ ಪೂರಾ ಹರಿದಿತ್ತು. ಅದನ್ನು ಹಿಡಿದುಕೊಂಡು ಅವನು ಅಂಗಳದ ನಡುವೆ ಕೂತುಬಿಟ್ಟ. "ಥಂಡಿ ಹತ್ತಬಾರ್ದಂತ ನಾನೇ ಹಾಸಿದ್ದು," ಎಂದ. ಅಪ್ಪನ ಮುಖ ಹಾಗಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೋಳಿಗಿಂತ ಅದು ನನಗೆ ಹೆಚ್ಚು ಭಯ ಹುಟ್ಟಿಸಿತು.

ಅವ್ವ ಹೊಲಿದಳು. ಮೊದಲು ಒಳಗಿನ ಚೀಲ, ಆಮೇಲೆ ಮೇಲಿನ ಚರ್ಮ, ಕಾಕಾ ಬೆರಳಿನಿಂದ ಅಂಚು ಕೂಡಿಸಿ ಹಿಡಿದರು. ಕೌದಿಗೆ ಹಾಕುವ ಹೊಲಿಗೆಯನ್ನೇ ಹಾಕಿ, ಅರಿಶಿಣ ಮೆತ್ತಿ, ದಾರವನ್ನು ಹಲ್ಲಿನಿಂದ ಕಡಿದಳು. ಎಲ್ಲ ಮುಗಿದ ಮೇಲೆ ಕಾಕಾ ಚೂರಿ ತೊಳೆಯಲು ಹೋಗಿ ಎರಡು ಸಲ ಬೀಳಿಸಿದರು, ಕೊನೆಗೆ ಅಪ್ಪನೇ ಅದನ್ನು ತೆಗೆದುಕೊಂಡು ತೊಳೆದುಕೊಟ್ಟ. ಇಷ್ಟು ವರ್ಷ ಸತ್ತ ಕೋಳಿಯ ಒಳಗನ್ನೇ ನೋಡಿದ್ದೇನೆ, ಜೀವ ಇದ್ದದ್ದು ಇದೇ ಮೊದಲು ಎಂದು ಅವರು ಆಗ ಬಾಯಿಬಿಟ್ಟರು. ನಾವೆಲ್ಲ ಮತ್ತೊಮ್ಮೆ ಬೆಚ್ಚಿದೆವು. ಇದನ್ನು ಮೊದಲೇ ಹೇಳಿದ್ದರೆ ಅವ್ವ ಸೂಜಿಯನ್ನೇ ಮುಟ್ಟುತ್ತಿರಲಿಲ್ಲ.

ಬೂದಿ ಎರಡು ದಿನ ಬುಟ್ಟಿಯಲ್ಲಿ ಸತ್ತ ಹಾಗೆ ಬಿದ್ದಿತ್ತು. ಕಾಕಾ ದಿನಾ ನಮಾಜು ಮುಗಿಸಿ ಬರಿಗೈಯಲ್ಲಿ ಬಂದು, ಬುಟ್ಟಿಯೊಳಗೆ ಇಣುಕಿ ಹೋಗುತ್ತಿದ್ದರು. ಆಮೇಲೊಂದು ಬೆಳಿಗ್ಗೆ ಅದು ತಲೆಯೆತ್ತಿ, ಅಕ್ಕನ ಅಂಗೈಯಿಂದ ನೀರು ಕುಡಿಯಿತು. ನೀರು ಒಳಗೇ ಉಳಿಯಿತು. ಅಕ್ಕ ಆಗ ಅತ್ತಳು, ಅಲ್ಲಿಯತನಕ ಅತ್ತಿರಲಿಲ್ಲ. ತೆಳ್ಳನೆ ಅಂಬಲಿ, ನೆನೆಸಿದ ನುಚ್ಚು, ಕೊನೆಗೆ ಇಡೀ ಜೋಳ. ಬೇಸಿಗೆ ಬರುವಷ್ಟರಲ್ಲಿ ಬೂದಿಯನ್ನು ಎತ್ತಿದರೆ ಅಕ್ಕನ ಸೊಂಟ ಬಾಗುತ್ತಿತ್ತು.

ಮುಂದಿನ ವರ್ಷ ನೆಂಟರು ಬಂದಾಗ, ನೀವು ನಂಬಲಿಕ್ಕಿಲ್ಲ, ಅವ್ವ ಕೈಗೆ ಸಿಕ್ಕ ದಪ್ಪ ಕೋಳಿ ಎಂದು ಬೂದಿಯನ್ನೇ ಹಿಡಿದು ಕೊಟ್ಟಳು. ಅಕ್ಕ ಶಾಲೆಗೆ ಹೋಗಿದ್ದಳು. ನಾನು ಅವ್ವನ ಸೆರಗು ಜಗ್ಗಿದೆ, ಅವಳು ಲಕ್ಷ್ಯ ಕೊಡಲಿಲ್ಲ. ಕಾಕಾ ಪುಕ್ಕ ಸರಿಸಿ, ಕೊರಳ ಕೆಳಗಿನ ಹೊಲಿಗೆಯ ಗೆರೆ ನೋಡಿ, ಕೋಳಿಯನ್ನು ನೆಲಕ್ಕೆ ಬಿಟ್ಟರು.

"ನನ್ನ ಚೂರಿ ಇದಕ್ಕ ಒಮ್ಮಿ ತಾಕ್ಯಾದ ತಂಗಿ, ಇನ್ನೊಮ್ಮಿ ತಾಕಸಲ್ಲ," ಎಂದರು. "ಬ್ಯಾರೇದು ಕೊಡು."

ಕಾಕಾ ಕೊಯ್ಯುವುದಿಲ್ಲ ಎಂದಮೇಲೆ ಆ ಕೋಳಿಯನ್ನು ಇನ್ನಾರೂ ಕೊಯ್ಯುವಂತಿರಲಿಲ್ಲ, ತಿನ್ನುವಂತಿರಲಿಲ್ಲ. ಬೂದಿ ಮುದಿಯಾಗಿ, ಮೊಟ್ಟೆ ನಿಲ್ಲಿಸಿ, ಒಂದು ಮಧ್ಯಾಹ್ನ ಬಿಸಿಲು ಕಾಯಿಸುತ್ತ ಕೂತಲ್ಲೇ ಕಣ್ಣು ಮುಚ್ಚಿತು. ನಮ್ಮ ಓಣಿಯಲ್ಲಿ ಹಾಗೆ ವಯಸ್ಸಾಗಿ ಸತ್ತ ಇನ್ನೊಂದು ಕೋಳಿಯನ್ನು ನಾನು ನೋಡಿಲ್ಲ.

ಈಗ ನಮ್ಮ ಮನೆಗೆ ಐತವಾರ ಕೋಳಿ ಬರುವುದು ಕರಿ ಕ್ಯಾರಿಬ್ಯಾಗಿನಲ್ಲಿ, ಚರ್ಮ ಸುಲಿದು, ತುಂಡಾಗಿ. ಅದರ ಮೈಬಣ್ಣ ಯಾವುದಿತ್ತು ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಬೆಕ್ಕಿನ ಕಾಲಿಗೆ ಗಾಯವಾದಾಗ ನಿಮ್ಮಪ್ಪ ಗಾಡಿಯ ಮೇಲೆ ಕೂಡಿಸಿಕೊಂಡು ದನದ ದವಾಖಾನೆಗೆ ಒಯ್ದ. ಅಲ್ಲಿ ಸೂಜಿ ಚುಚ್ಚಿ ನೋವು ಗೊತ್ತಾಗದಂತೆ ಮಾಡಿ ಹೊಲಿದರು. ಅದು ಬಹಳ ಒಳ್ಳೆಯದು. ಬೂದಿಗೂ ಅದು ಸಿಕ್ಕಿದ್ದರೆ ಎಂದು ನಾನು ಆ ದಿನ ಅಂದುಕೊಂಡೆ.

ಈಗ ಬರೆದಿಡುತ್ತಿರುವ ಇದನ್ನೆಲ್ಲ ಕಳೆದ ಐತವಾರ ಊಟಕ್ಕೆ ಕೂತಾಗ ನಿಮಗೆ ಹೇಳಿದ್ದೆ. ಚೂರಿ ಎಂದಾಗ ನೀವು ಬೆಚ್ಚಲಿಲ್ಲ, ಸಿಮೆಂಟಿನ ಗಡ್ಡೆ ಎಂದಾಗಲೂ ಬೆಚ್ಚಲಿಲ್ಲ; ಮೊಬೈಲಿನಲ್ಲಿ ಇದರಪ್ಪನಂಥದ್ದನ್ನು ನೋಡಿದವರು ನೀವು. ಕತೆ ಮುಗಿದ ಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲುಬು ಚೀಪುತ್ತ, ನನ್ನ ಮುಖ ನೋಡಿ ಕೇಳಿದಳು.

"ಮುತ್ಯಾ, ಮುಲ್ಲಾ ಅಂದ್ರ ಮುಸಲ್ಮಾನ್ರಲ್ಲಾ? ಅವರು ನಮ್ಮನಿಗಿ ಯಾಕ ಬರ್ತಿದ್ರು?"

ಅವಳ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಗೊತ್ತಿಲ್ಲ, ಕೇಳಿದಳು, ಅಷ್ಟೆ. ಉಳಿದ ನೀವೂ ಉತ್ತರಕ್ಕೆ ಕಾಯುತ್ತಿದ್ದಿರಿ, ನಿಮಗೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ. ಜೀವಂತ ಕೋಳಿಯ ಎದೆ ತೆರೆದದ್ದನ್ನು ಕಂಡ ದಿನವೂ ನಾನು ಇಷ್ಟು ಬೆಚ್ಚಿರಲಿಲ್ಲ. ಏನೇನೋ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಒಂದೇ ಮಾತು.

"ನಾವು ಕರೀತಿದ್ವಿ ಮಗಾ, ಅದಕ್ಕ ಬರ್ತಿದ್ರು."