ಎರಡನೇ ಪುಟದಲ್ಲಿ ಕಾಳಕ್ಕನ ಕಂಬಳಿ

ಹೊಸದುರ್ಗದ ಕಾಳಕ್ಕ ಗಂಡ ತೀರಿದ ಮೇಲೆ ಮಗ್ಗಕ್ಕೆ ತಾನೇ ಕುಳಿತವಳು. ಅವಳ ಕಂಬಳಿಗೆ ಬಣ್ಣ ಹಾಕುತ್ತಿರಲಿಲ್ಲ. ಕುರಿಯ ಮೈಮೇಲಿದ್ದ ಕಪ್ಪೇ ಅದರ ಕಪ್ಪು. ಅವಳ ಜೊತೆಗೇ ಇದ್ದ ಅಣ್ಣನ ಮಗಳು ದೇವಿಕಾ ಕಾಲೇಜು ಮುಗಿಸಿದ ವರ್ಷ ಆ ಕಂಬಳಿಗಳಿಗೊಂದು ವೆಬ್‌ಸೈಟ್ ಮಾಡಿದಳು. ಗೂಗಲ್‌ನಲ್ಲಿ ‘ಕರಿ ಕಂಬಳಿ’ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದುದು ಅದೇ. ಹುಬ್ಬಳ್ಳಿ, ಸೊಲ್ಲಾಪುರಗಳಿಂದ ಫೋನು ಬರುತ್ತಿತ್ತು. ಕಂಬಳಿ ಮಗ್ಗದಿಂದ ಇಳಿಯುವ ಮೊದಲೇ ಯಾರದೋ ಆಗಿರುತ್ತಿತ್ತು.

ಸಂತೆಯಲ್ಲಿ ಕೂತು ಮಾರಿ ಬಲ್ಲ ಕಾಳಕ್ಕನಿಗೆ ದಿನದ ಮೊದಲ ವ್ಯಾಪಾರದ, ಬೋಣಿಯ ಮೇಲೆ ನಂಬಿಕೆ. “ಕಂಡೋರ ಕೈಯಾಗೆ ಯಾಕೆ ಬೋಣಿ? ನೀನೇ ತೆರಿಯೇ,” ಎಂದು ದಿನಾ ಬೆಳಗ್ಗೆ ದೇವಿಕಾಳಿಂದ ಅವಳ ಫೋನಿನಲ್ಲಿ ‘ಕರಿ ಕಂಬಳಿ’ ಹುಡುಕಿಸಿ, ತಮ್ಮ ಸೈಟನ್ನು ಒತ್ತಿಸಿ, ತನ್ನ ಕಂಬಳಿಯ ಚಿತ್ರ ನೋಡಿಯೇ ಒಲೆ ಹಚ್ಚುತ್ತಿದ್ದಳು.

ಮೂರನೆಯ ವರ್ಷ ಫೋನು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು.

“ಕೆಳಗೇನಾದ್ರೂ ಹೋಗೈತೇನೇ ನಮ್ಮದು?”

“ಇಲ್ಲತ್ತೆ, ಮೊದಲನೇದೇ ಐತೆ. ನೋಡು.”

ಕಾಳಕ್ಕ ನೋಡಿದಳು. ಎಲ್ಲಕ್ಕಿಂತ ಮೇಲೇ ಇತ್ತು. ಹಾಗಾದರೆ ಜನ ಕಂಡೂ ಬೇಡವೆನ್ನುತ್ತಿದ್ದಾರೆ. “ಚುಚ್ಚತೈತೆ ಅಂತಾರೇನೋ. ನನ್ನ ಕೈನೂ ಮೊದ್ಲಿನಂಗಿಲ್ಲ ಬಿಡು,” ಎಂದಳು. ಯುಗಾದಿ ಕಳೆದ ಮೇಲೆ ಮಗ್ಗ ಬಿಚ್ಚಿಸಿ ತುರುವನೂರಿನ ನೆಂಟರಿಗೆ ಕೊಟ್ಟುಬಿಟ್ಟಳು. ದೇವಿಕಾ ತಡೆಯಲಿಲ್ಲ.

ಆ ಮಳೆಗಾಲದಲ್ಲಿ ದೇವಿಕಾ ಹೊಳಲ್ಕೆರೆಗೆ ಹೋದಾಗ, ಅಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವ ಗೆಳತಿ ಪ್ರೀತಿ ತನ್ನ ಕಂಪ್ಯೂಟರಿನಲ್ಲಿ ಅದೇ ಎರಡು ಪದ ಹುಡುಕಿದಳು. ಮೇಲೆಲ್ಲ ದೊಡ್ಡ ಅಂಗಡಿಗಳು, ಮಿಲ್ಲಿನ ಕಂಬಳಿಗಳು. ಕಾಳಕ್ಕನದು ಎರಡನೇ ಪುಟದ ಕೊನೆಯಲ್ಲಿತ್ತು.

“ನನ್ನ ಫೋನಾಗೆ ಮೊದಲನೇದೇ ಬರತೈತಲ್ಲೇ.”

“ದಿನಾ ನೀನೇ ಒತ್ತಿದ್ರೆ ನಿನ್ನ ಫೋನಿಗೆ ರೂಢಿಯಾಗತೈತೆ, ತಂದು ಮುಂದೆ ಇಡತೈತೆ. ಕನ್ನಡಿ ಮುಂದೆ ನಿಂತು ಊರೆಲ್ಲ ನನ್ನೇ ನೋಡತೈತೆ ಅಂದಂಗಾತು.” ನಕ್ಕ ಪ್ರೀತಿ, ಅವಳ ಮುಖ ನೋಡಿ ದನಿ ಇಳಿಸಿದಳು. “ಎರಡನೇ ಪುಟಕ್ಕೆ ಯಾರು ಹೋಗ್ತಾರೆ ಹೇಳು. ಮೇಲಿನ ಮೂರ್ನಾಲ್ಕು ನೋಡಿ ಮುಗಿಸ್ತಾರೆ.”

ಇಬ್ಬರೂ ಸೈಟಿಗೆ ಬಂದವರ ಹಳೆಯ ಅಂಕಿ ತೆಗೆದರು. ಮೊದಲ ಸ್ಥಾನದಲ್ಲಿದ್ದಾಗ ದಿನಕ್ಕೆ ನಲವತ್ತು ಜನ ಬರುತ್ತಿದ್ದರು. ಐದನೆಯದಕ್ಕೆ ಇಳಿದ ತಿಂಗಳು ಆರೇಳು. ಈಗ ಒಬ್ಬರು. ಆ ಒಬ್ಬಳು ಯಾರೆಂದು ದೇವಿಕಾಳಿಗೆ ಗೊತ್ತಿತ್ತು. ಎಲ್ಲಕ್ಕಿಂತ ಮೇಲಿದೆಯಲ್ಲ ಎಂಬ ನೆಮ್ಮದಿಯಲ್ಲಿ ಎರಡು ವರ್ಷದಿಂದ ಅವಳು ಸೈಟಿಗೆ ಒಂದು ಸಾಲನ್ನೂ ಸೇರಿಸಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಕಾಳಕ್ಕ ಹುರುಳಿ ಕೇರುತ್ತಿದ್ದಳು.

“ಹಂಗಾರೆ ಅವ್ರು ಬ್ಯಾಡ ಅಂದಿಲ್ಲ?”

“ಇಲ್ಲತ್ತೆ. ಕಂಡೇ ಇಲ್ಲ.”

ಕಾಳಕ್ಕ ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದು ಮತ್ತೆ ಕೇರತೊಡಗಿದಳು.

ಗಿರಾಕಿ ಬಂದರೆ ಅತ್ತೆ ಮಗ್ಗ ತರಿಸಿಯಾಳೆಂಬ ಆಸೆಯಿಂದ ದೇವಿಕಾ ಸೈಟಿನಲ್ಲಿ ಎಲ್ಲ ಹೊಸದಾಗಿ ಬರೆದಳು. ಉಣ್ಣೆ ಬಿಡಿಸುವುದು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದು, ಎಲ್ಲವನ್ನೂ. ದೀಪಾವಳಿಯ ಹೊತ್ತಿಗೆ ಸೈಟು ಮೂರನೆಯ ಸ್ಥಾನಕ್ಕೆ ಬಂದಿದೆಯೆಂದು ಪ್ರೀತಿ ತಿಳಿಸಿದಳು. ಆ ವಾರವೇ ಹಿರಿಯೂರಿನಿಂದ ಒಬ್ಬರು ಫೋನು ಮಾಡಿದರು. ಮಗನ ಮದುವೆಗೆ ಕಂಬಳಿ ಬೇಕು, ಕೈಮಗ್ಗದ್ದೇ ಆಗಬೇಕು.

ದೇವಿಕಾ ಫೋನಿಗೆ ಕೈ ಅಡ್ಡ ಹಿಡಿದು ಅತ್ತೆಗೆ ತಿಳಿಸಿದಳು. ಕಾಳಕ್ಕ ಬೆರಳು ಮಡಚಿ, ಬಿಡಿಸಿ ನೋಡಿಕೊಂಡಳು. “ಬಿಟ್ಟ ಕೈ ಮತ್ತೆ ಮಗ್ಗಕ್ಕೆ ಕೂಡಲ್ಲ ಕಣೇ,” ಎಂದಳು ಮೆಲ್ಲಗೆ.

“ಈಗ ನೇಯ್ತಿಲ್ರಿ,” ಎಂದಳು ದೇವಿಕಾ ಫೋನಿಗೆ.

“ಮತ್ಯಾಕೆ ಹಾಕೀರಮ್ಮ ಇದರಾಗೆ?” ಎಂದು ಕೇಳಿ ಹಿರಿಯೂರಿನವರು ಫೋನು ಇಟ್ಟರು.