ಕ್ರೋಯ್ಡನ್‌ನಲ್ಲಿ ನನಗೆ ಜಾಮೀನು ಯಾರು?

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಯಾರನ್ನೋ ಹೊಡೆಯುತ್ತಾರೆ ಎಂದು ಕೌನ್ಸಿಲ್‌ಗೆ ದೂರು ಹೋಗಿತ್ತು. ಹೊಡೆಯುತ್ತಿದ್ದವಳು ನಾನು. ಹೊಡೆತ ತಿನ್ನುತ್ತಿದ್ದದ್ದು ಜೋಳದ ಹಿಟ್ಟು.

ಕೌನ್ಸಿಲ್ ಅಂದರೆ ಕ್ರೋಯ್ಡನ್ ಎಂಬ ಈ ಇಂಗ್ಲಿಷರ ಊರಿನ ನಗರಸಭೆ. ಅಲ್ಲಿಂದ ಬಂದ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತು ಮೊದಲು ನನ್ನ ಮುಖ ನೋಡಿದರು, ಆಮೇಲೆ ಮುಂಗೈ ನೋಡಿದರು. ಮನೆಯಲ್ಲಿ ಎಲ್ಲರೂ ಕ್ಷೇಮವೇ, ನಿಮ್ಮ ಗಂಡ ಎಲ್ಲಿದ್ದಾರೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನನ್ನ ಗಂಡ ಬಸವರಾಜ ಜಿರಳೆಯನ್ನು ಕೂಡ ಕಾಗದದಲ್ಲಿ ಎತ್ತಿ ಹೊರಗೆ ಬಿಟ್ಟು ಬರುವ ಮನುಷ್ಯ. ಮಗಳು ಸಿಂಚನಾ ನಾಚಿಕೆಯಿಂದ ಕುಗ್ಗಿ, ಅಮ್ಮ ರೊಟ್ಟಿ ಮಾಡುತ್ತಾಳೆ ಅಷ್ಟೇ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರು ನಂಬಲಿಲ್ಲ. ಕಡೆಗೆ ಇಬ್ಬರನ್ನೂ ಅಡುಗೆಮನೆಗೆ ಕರೆದುಕೊಂಡು ಹೋಗಿ, ಹಿಟ್ಟಿನ ಉಂಡೆ ಇಟ್ಟು, ತಟ ತಟ ತಟ ಎಂದು ಒಂದು ರೊಟ್ಟಿ ಬಡಿದು ತೋರಿಸಿದೆ. ಒಬ್ಬಾಕೆ ಬಿದ್ದು ಬಿದ್ದು ನಕ್ಕಳು. ಇನ್ನೊಬ್ಬಾಕೆ ನಗಲಿಲ್ಲ, ಈ ಮನೆಗಳ ನೆಲ ಹಲಗೆಯದು, ಕೆಳಗಿನ ಮನೆಯವರ ತಲೆಯ ಮೇಲೇ ಬಡಿದ ಹಾಗಾಗುತ್ತದೆ ಎಂದಳು.

ನಮ್ಮ ಗದಗಿನ ಓಣಿಯಲ್ಲಿ ಬೆಳಿಗ್ಗೆ ಈ ಸದ್ದು ಕೇಳಿಸದಿದ್ದರೆ ಅಕ್ಕಪಕ್ಕದವರು ಬಂದು ವಿಚಾರಿಸುತ್ತಾರೆ, ಯಾರಿಗೆ ಆರಾಮಿಲ್ಲ ಅಂತ. ಇಲ್ಲಿ ಕೇಳಿಸಿದ್ದಕ್ಕೆ ಬಂದು ವಿಚಾರಿಸಿದರು. ಇಷ್ಟು ವರ್ಷ ಇಲ್ಲಿದ್ದರೂ, ಈ ಊರು ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ದೂರಿನ ಸುದ್ದಿ ಮುಟ್ಟಿ, ವಾರದೊಳಗೆ ಮನೆಯ ಮಾಲೀಕನಿಂದ ಫೋನ್ ಬಂತು. ಬಾಡಿಗೆ ಕೊಟ್ಟದ್ದು ವಾಸಕ್ಕೆ, ವ್ಯಾಪಾರಕ್ಕಲ್ಲ. ರೊಟ್ಟಿ ನಿಲ್ಲಿಸಬೇಕು, ಇಲ್ಲವೇ ಮನೆ ಬಿಡಬೇಕು. ನಿಲ್ಲಿಸುವುದು ಹೇಗೆ? ಬಸವರಾಜ ದುಡಿಯುತ್ತಿದ್ದ ಗೋದಾಮಿನಲ್ಲಿ ಅವರ ಪಾಳಿ ಅರ್ಧಕ್ಕೆ ಇಳಿದಿತ್ತು. ನಾನು ಹೊತ್ತೇರುವ ಮೊದಲೇ ಎದ್ದು ಬಡಿದ ರೊಟ್ಟಿಯನ್ನು ತೆಳು ಬಟ್ಟೆ ಹಾಸಿ ರೇಡಿಯೇಟರ್ ಮೇಲೆ ಒಣಗಿಸಿ, ಖಡಕ್ ರೊಟ್ಟಿ ಮಾಡಿ, ಶೇಂಗಾ ಚಟ್ನಿಪುಡಿಯ ಜೊತೆ ಕಟ್ಟಿಕೊಡುತ್ತಿದ್ದೆ. ರೇಡಿಯೇಟರ್ ಎಂದರೆ ಗೋಡೆಗೆ ಅಂಟಿಸಿದ ಬಿಸಿನೀರಿನ ತಗಡು; ಬಿಸಿಲಿಲ್ಲದ ಊರಿನಲ್ಲಿ ನನ್ನ ಪಾಲಿನ ಮಾಳಿಗೆ ಅದೇ. ಆ ರೊಟ್ಟಿಯಿಂದಲೇ ಮನೆಯ ಅರ್ಧ ಖರ್ಚು ನಡೆಯುತ್ತಿತ್ತು. ಅದೂ ನಿಂತರೆ ಬಾಡಿಗೆಗೆ ಸಾಲದು, ಬಾಡಿಗೆಗೆ ಸಾಲದಿದ್ದರೆ ಗಂಟುಮೂಟೆ ಕಟ್ಟುವುದೇ. "ಹೋಗೋಣೇನ ಶಾಂತಾ ಊರಿಗೆ?" ಎಂದು ಬಸವರಾಜ ಕೇಳಿದರು. ಸಿಂಚನಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.

ನಮ್ಮ ಮನೆಯಿಂದ ಟ್ರಾಮ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಸಾಲು ಅಂಗಡಿಗಳಿವೆ. ಅದರಲ್ಲಿ ಜಡೆ ಹೆಣೆಯುವ ಅಂಗಡಿ ಮಾರ್ಷಾನದು. ಅವಳ ತಾಯಿ ತಂದೆ ಜಮೈಕಾದವರು, ಅವಳು ಇಲ್ಲೇ ಹುಟ್ಟಿದವಳು. ನನ್ನ ಚಟ್ನಿಪುಡಿಯನ್ನು ಅನ್ನಕ್ಕೆ ಕಲಸಿ ತಿನ್ನುವ ಒಬ್ಬಳೇ ಗಿರಾಕಿ ಅವಳು. ಅವಳ ಪಕ್ಕದಲ್ಲಿ ಬೀಗದ ಕೈ ಮಾಡುವವನ ಅಂಗಡಿ ಮುಚ್ಚಿತ್ತು. ಕೆಳಗೆ ಗಟ್ಟಿ ಕಾಂಕ್ರೀಟ್ ನೆಲ, ಮೇಲೆ ವಾಸದ ಮನೆ ಇಲ್ಲ. ಹೊಗೆ ಹೀರುವ ಚಿಮಣಿ ಕೂರಿಸಿ, ಮುಂಗಡ ಕಟ್ಟಿದರೆ ಅಂಗಡಿ ನನ್ನದು.

ಬ್ಯಾಂಕಿಗೆ ಹೋದೆ. ನೀವು ಈ ದೇಶದಲ್ಲಿ ಯಾವತ್ತೂ ಸಾಲ ಮಾಡಿಲ್ಲ, ಹಾಗಾಗಿ ಕೊಡುವುದಕ್ಕೆ ಬರುವುದಿಲ್ಲ ಎಂದರು. ಅಯ್ಯೋ ಶಿವನೇ! ನಮ್ಮಲ್ಲಿ ಒಂದು ಪೈಸೆ ಸಾಲವಿಲ್ಲದವರು ಎಂದರೆ ಹೆಣ್ಣು ಕೊಡುತ್ತಾರೆ. ಇಲ್ಲಿ ಸಾಲವಿಲ್ಲದವಳು ನಂಬಿಕೆಗೆ ಅರ್ಹಳಲ್ಲ. ನಾನು ಸಾಲ ಮಾಡಿದವಳೇ, ಗದಗಿನಲ್ಲಿ ಶ್ಯಾವಿಗೆ ಮಷಿನ್‌ಗೆ ತೆಗೆದುಕೊಂಡು ಒಂದು ಕಂತೂ ತಪ್ಪದೆ ತೀರಿಸಿದವಳು ಎಂದೆ. ಅದು ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ.

ಮಾರ್ಷಾ ಹೇಳಿದಳು, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಒಂದು ಸಂಸ್ಥೆ ಇದೆ, ನಮ್ಮಂಥ ಸಣ್ಣ ಅಂಗಡಿಯವರಿಗೆ ಸಣ್ಣ ಸಾಲ ಕೊಡುತ್ತಾರೆ, ನನ್ನ ಕುರ್ಚಿಗಳೆಲ್ಲ ಅಲ್ಲಿಯ ಹಣದಲ್ಲೇ ಬಂದದ್ದು ಎಂದು. ಸಂಸ್ಥೆಗೆ ಫೋನ್ ಮಾಡಿದಾಗ ಗುರುವಾರ ಮಧ್ಯಾಹ್ನ ಬರಲು ಹೇಳಿದರು. ನನಗೆ ಒಂದೇ ಚಿಂತೆ ಶುರುವಾಯಿತು. ಜಾಮೀನು ಯಾರು?

ಗದಗಿನಲ್ಲಿ ನಮ್ಮದೊಂದು ಮಹಿಳಾ ಸಂಘ. ಮಂಗಳವಾರ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿ ಕೂರುತ್ತಿದ್ದೆವು. ಯಾರಿಗೆ ಸಾಲ ಬೇಕೋ ಅವಳು ಎದ್ದು ನಿಂತು ಯಾತಕ್ಕೆ ಅಂತ ಎಲ್ಲರ ಮುಂದೆ ಹೇಳಬೇಕು. ಉಳಿದವರು ಜಾಮೀನು ನಿಲ್ಲಬೇಕು. ಅವಳು ಕಂತು ತಪ್ಪಿಸಿದರೆ ಅವರು ತುಂಬಬೇಕು, ತುಂಬಿ ಆಮೇಲೆ ಅವಳ ಮನೆಯ ಮುಂದೆ ಹೋಗಿ ಬಾಯಿಗೆ ಬಂದಂತೆ ಬೈಯಬೇಕು! ಇನ್ನೊಂದು ಕಟ್ಟಳೆ ಇತ್ತು. ಜಾಮೀನು ನಿಂತವಳು ಆ ಸಾಲ ತೀರುವ ತನಕ ಊರು ಬಿಡುವ ಹಾಗಿಲ್ಲ. ನಮ್ಮ ವೀಸಾ ಬಂದಾಗ ಸಂಘದ ಹಿರಿಯಳಾದ ಶಂಕ್ರವ್ವನ ಹೊಲಿಗೆ ಮಷಿನ್ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ಎಲ್ಲರೂ ಕೂತು, ಮಾತಾಡಿ, ನನ್ನ ಹೆಸರು ತೆಗೆದು ನನ್ನ ನೆಗೆಣ್ಣಿಯ ಹೆಸರು ಹಾಕಿದರು. ವಿಮಾನ ಹತ್ತುವಾಗ ಬಾರದ ಅಳು ಅವತ್ತು ಬಂದಿತ್ತು.

ಹಾಗಾಗಿ ನನ್ನ ತಲೆಯಲ್ಲಿ, ಜಾಮೀನಿಲ್ಲದೆ ಸಾಲದ ಬಾಗಿಲು ತಟ್ಟುವುದೇ ಮರ್ಯಾದೆಗೇಡು. ಮಾರ್ಷಾ ಬರುತ್ತೇನೆಂದಳು, ಯಾತಕ್ಕೆಂದು ಪೂರ್ತಿ ತಿಳಿಯದೆಯೇ. ಕನ್ನಡದವರ ಕೂಟದಲ್ಲಿ ನನ್ನ ರೊಟ್ಟಿ ಕೊಳ್ಳುವ ಬೆಂಗಳೂರಿನ ಒಬ್ಬ ಹುಡುಗಿಯನ್ನು ಕೇಳಿದೆ. "ಆಂಟಿ, ಇಲ್ಲಿ ಹಾಗೆಲ್ಲ ಇರಲ್ಲ. ನೀವೊಬ್ರೇ ಹೋದ್ರೆ ಸಾಕು," ಎಂದಳು. ಬರಲು ಮನಸ್ಸಿಲ್ಲದವರು ಹೀಗೇ ಹೇಳುತ್ತಾರೆ ಅಂದುಕೊಂಡೆ. ಪಾಪ, ಅವಳು ಹೇಳಿದ್ದು ನಿಜವೇ ಆಗಿತ್ತು.

ಇನ್ನು ಯಾರು ನನ್ನನ್ನು ಬಲ್ಲರು ಈ ಊರಿನಲ್ಲಿ? ಯೋಚಿಸುತ್ತ ಮೆಟ್ಟಿಲಿಳಿಯುತ್ತಿದ್ದಾಗ ಕೆಳಗಿನ ಮನೆಯ ಡೋರೀನ್ ಬಾಗಿಲಲ್ಲೇ ಸಿಕ್ಕಳು. ದೂರು ಕೊಟ್ಟವಳು ಅವಳೇ. ವಯಸ್ಸಾದ ಒಂಟಿ ಹೆಂಗಸು. ನಾನು ಅವಳನ್ನು ಡೋರೀನವ್ವ ಅನ್ನುತ್ತೇನೆ, ಅವಳು ನನ್ನನ್ನು "ಲವ್" ಅನ್ನುತ್ತಾಳೆ. ಇಲ್ಲಿ ಬಸ್ಸಿನ ಡ್ರೈವರ್ ಕೂಡ ಎಲ್ಲರಿಗೂ ಹಾಗನ್ನುತ್ತಾನೆ. ಮೊದಮೊದಲು ನಾನು ಗಾಬರಿಯಾಗಿದ್ದೆ, ಆಮೇಲೆ ಅದು ನಮ್ಮ "ಯವ್ವಾ, ತಂಗಿ" ಇದ್ದ ಹಾಗೆ ಎಂದು ತಿಳಿಯಿತು. ಅವರ ಇಂಗ್ಲಿಷು ನನ್ನ ಕಿವಿಗೆ ಗದಗಿನ ಮಾತಾಗಿಯೇ ಬೀಳುತ್ತದೆ, ಹಾಗೇ ಬರೆಯುತ್ತೇನೆ, ಬೇಸರಿಸಬೇಡಿ.

"ಬಾಡಿಗಿ ಮನಿ ಬಿಡಸಾಕತ್ತಾರಂತ? ನಾ ಹಂಗ ಆಗ್ಲಿ ಅಂತ ಹೇಳಿದ್ದಿಲ್ಲ ಯವ್ವಾ," ಎಂದಳು. ಅವಳ ಮುಖ ಸಣ್ಣದಾಗಿತ್ತು. "ನಿನ್ನ ಗಂಡ ನಿನ್ನ ಹೊಡಿತಾನಂತ ತಿಳದಿದ್ದೆ."

"ನನ್ನ ಗಂಡನ್ನ ನೋಡೀರಿಲ್ಲೋ?"

"ನೋಡೇನಿ. ಅದಕ್ಕ ಆಮ್ಯಾಲ, ನೀನs ಅವನ್ನ ಹೊಡಿತಿ ಅಂತ ತಿಳದೆ."

ನನಗೆ ನಗು ತಡೆಯಲಿಲ್ಲ. ಅವಳೂ ನಕ್ಕಳು. ಆ ನಗೆಯ ಸಲುಗೆಯಲ್ಲೇ ಕೇಳಿಬಿಟ್ಟೆ, ಗುರುವಾರ ನನ್ನ ಜೊತೆ ಸಾಲದ ಆಫೀಸಿಗೆ ಬರುತ್ತೀರಾ ಎಂದು. "ನಿನಗ ಅಂಗಡಿ ಸಿಕ್ರ ನನಗ ನಿದ್ದಿ ಸಿಗತೈತಿ. ಬರದs ಬಿಡ್ತೀನೇನ?" ಎಂದಳು.

ಗುರುವಾರ ಲೈಬ್ರರಿಯ ಹಿಂದಿನ ಕೋಣೆಗೆ ನಾವು ಮೆರವಣಿಗೆಯಲ್ಲಿ ಹೋದೆವು. ನಾನು ಇಳಕಲ್ ಸೀರೆ ಮೇಲೆ ಕೋಟು, ಮಾರ್ಷಾ ಅಂಗಡಿ ಮುಚ್ಚಿ ಬಂದವಳು, ಡೋರೀನವ್ವ ತುಟಿಗೆ ಬಣ್ಣ ಹಚ್ಚಿಕೊಂಡು. ಸಿಂಚನಾ ಶಾಲೆಯಿಂದ ನೇರ ಬಂದಿದ್ದಳು. "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದು ನನ್ನ ಸೆರಗು ಎಳೆದಳು. ಒಳಗೆ ಕೂತಿದ್ದ ಹುಡುಗ ಆಲಿವರ್ ನಮ್ಮನ್ನೆಲ್ಲ ನೋಡಿ ಎದ್ದು ನಿಂತ. ಆಫೀಸಿನವರ ಮಾತು ಮಾತ್ರ ಯಾವ ಊರಿನಲ್ಲೂ ಆಫೀಸಿನ ಮಾತೇ.

"ಕ್ಷಮಿಸಿ, ಇವರೆಲ್ಲ ಯಾರು?"

"ನನ್ನ ಜಾಮೀನು," ಎಂದೆ.

"ನಮ್ಮಲ್ಲಿ ಈ ಸಾಲಕ್ಕೆ ಜಾಮೀನು ಬೇಕಿಲ್ಲ. ನಿಮ್ಮ ಹಣಕಾಸಿನ ವಿಷಯ ಗೌಪ್ಯ. ಇವರು ಹೊರಗೆ ಕಾಯಬಹುದು."

ನನಗೆ ಅರ್ಥವೇ ಆಗಲಿಲ್ಲ. ಸಾಲ ಯಾರಿಗೂ ಗೊತ್ತಾಗಬಾರದು ಅಂದರೆ ಅದೆಂಥ ಸಾಲ? ಕದ್ದು ತಂದ ಹಾಗೆ. ಸಿಂಚನಾಗೆ ಕನ್ನಡದಲ್ಲಿ ಹೇಳಿದೆ: "ಇವರ ಮುಂದ ಮುಚ್ಚಿಡೂದು ನಂದೇನೂ ಇಲ್ಲ ಅನ್ನು. ಇವರು ಕುಂತ್ರs ನಾನೂ ಕುಂದರ್ತೇನಿ." ಮಗಳು ಕಣ್ಣು ಮುಚ್ಚಿ, ಉಸಿರು ಬಿಟ್ಟು, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಆಲಿವರ್ ಇನ್ನಷ್ಟು ಕುರ್ಚಿ ತಂದ.

ಅವನು ಒಳ್ಳೆಯ ಹುಡುಗ, ಆದರೆ ಪ್ರಶ್ನೆ ಚುರುಕು. ಗಿರಾಕಿಗಳು ಎಷ್ಟು ಜನ, ಕಡಿಮೆಯಾದರೆ ಏನು ಮಾಡುತ್ತೀರಿ, ಚಳಿಗಾಲದಲ್ಲಿ ಹೇಗೆ. ಆಮೇಲೆ ಕೇಳಿದ: "ನೀವು ವ್ಯಾಪಾರವನ್ನು ದಿನವೂ ತಪ್ಪದೆ ನಡೆಸಿಕೊಂಡು ಬಂದಿದ್ದೀರಿ ಅನ್ನುವುದಕ್ಕೆ ಏನಾದರೂ ಆಧಾರ ಇದೆಯೇ?"

ರೊಟ್ಟಿ ಬಡಿದದ್ದಕ್ಕೆ ಏನು ಆಧಾರ? ತಿಂದವರ ಹೊಟ್ಟೆಯಲ್ಲಿ ಹೋಗಿದೆ. ಬ್ಯಾಂಕಿನಲ್ಲಿ ಮುಗಿದ ಹಾಗೆ ಇಲ್ಲೂ ಮುಗಿಯಿತು, ಇನ್ನು ಬಸವರಾಜ ಟಿಕೆಟ್ ನೋಡುವುದೇ ಅಂದುಕೊಂಡೆ. ಸಿಂಚನಾ ನನ್ನ ಕೈ ಹಿಡಿದುಕೊಂಡಳು.

"ಆಧಾರ ನಾ ಅದೇನಿ," ಎಂದಳು ಡೋರೀನವ್ವ. "ಈಕಿ ಮನಿ ಕೆಳಗ ಇರಾಕಿ ನಾನು. ಸೂರ್ಯಾ ಹುಟ್ಟೂಕಿಂತ ಮೊದಲ ಚಾಲೂ ಮಾಡ್ತಾಳ. ಮಳಿ ಇರ್ಲಿ, ಹಿಮಾ ಬೀಳ್ಲಿ, ಕ್ರಿಸ್‌ಮಸ್ ಇರ್ಲಿ, ಒಂದ ದಿನಾ ಬಿಟ್ಟಿಲ್ಲ. ಜ್ವರಾ ಬಂದಾಗೂ ಬಡದಾಳ, ಕೆಮ್ಮಿಕೋಂತ ಬಡದಾಳ, ನನಗ ಎಲ್ಲಾ ಕೇಳಸತೈತಿ. ನನ್ನ ಮಾತ ನಂಬದಿದ್ರ ಕೌನ್ಸಿಲ್‌ನ್ಯಾಗ ಕೇಳು. ನಾ ಅವರಿಗೆ ಎಷ್ಟ ಸಲ ಫೋನ್ ಮಾಡೇನಿ ಅಂತ ಅವರs ಹೇಳ್ತಾರ."

ಮಾರ್ಷಾ ನಗು ತಡೆಯಲಾರದೆ ಮುಖಕ್ಕೆ ಕೈ ಅಡ್ಡ ಹಿಡಿದಳು. ಆಲಿವರ್ ಪೆನ್ನು ಕೆಳಗಿಟ್ಟು ಜೋರಾಗಿಯೇ ನಕ್ಕುಬಿಟ್ಟ. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಈ ಊರಿನಲ್ಲಿ ನನ್ನನ್ನು ಯಾರು ಬಲ್ಲರು ಎಂದು ಕೊರಗುತ್ತಿದ್ದೆನಲ್ಲ, ನನಗೆ ಜ್ವರ ಬಂದದ್ದನ್ನೂ ಬಲ್ಲವಳು ಕೆಳಗಿನ ಮನೆಯಲ್ಲೇ ಇದ್ದಳು.

ಅವನು ಅಂಗಡಿಯ ಜಾಗ ನೋಡಿಕೊಂಡು ಹೋದ ಮೇಲೆ ಸಾಲ ಮಂಜೂರಾಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೂ ನನ್ನೊಬ್ಬಳದೇ ಹೆಸರು, ನನ್ನೊಬ್ಬಳದೇ ಸಹಿ ನೋಡಿ ಏನೋ ಕಳೆದುಕೊಂಡ ಹಾಗೆ ಅನಿಸಿದ್ದು ಸುಳ್ಳಲ್ಲ. ಕಂತು ತಪ್ಪಿದರೆ ಬೈಯಲು ಯಾರೂ ಬರುವುದಿಲ್ಲ. ಆ ಚಿಂತೆಯನ್ನು ಡೋರೀನವ್ವ ಬಹಳ ದಿನ ಉಳಿಸಲಿಲ್ಲ. ಪ್ರತಿ ಮಂಗಳವಾರ ಅಂಗಡಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, "ಕಂತು ಕಟ್ಟಿದಿಲ್ಲೋ?" ಎಂದು ಕೇಳುತ್ತಾಳೆ. ನಮ್ಮ ಸಂಘ ಕೂರುತ್ತಿದ್ದದ್ದೂ ಮಂಗಳವಾರವೇ ಎಂದು ನಾನು ಅವಳಿಗೆ ಹೇಳಿಲ್ಲ, ಅವಳ ಪಿಂಚಣಿಯ ದಿನ ಅದಂತೆ.

ಈಗ ಕಾಂಕ್ರೀಟ್ ನೆಲದ ಮೇಲೆ ಮನಸಾರೆ ಬಡಿಯುತ್ತೇನೆ. ಹಿಟ್ಟು ನಮ್ಮ ದೇಶದವರ ಅಂಗಡಿಗಳಿರುವ ವೆಂಬ್ಲಿಯಿಂದ ಬರುತ್ತದೆ, ಹಳೆಯದಾಗಿರುತ್ತದೆ, ಜಿಗಿ ಇರುವುದಿಲ್ಲ, ಕುದಿಯುವ ನೀರು ಹೊಯ್ದು ಒಲಿಸಿಕೊಳ್ಳಬೇಕು. ಗೋಧಿ ತಿಂದರೆ ಹೊಟ್ಟೆಗಾಗದ ಬಿಳಿಯರು ನನ್ನ ರೊಟ್ಟಿಯನ್ನು ಔಷಧದ ಹಾಗೆ ಕೊಂಡೊಯ್ಯುತ್ತಾರೆ. ಬಸವರಾಜ ಪಾಳಿ ಇಲ್ಲದ ದಿನ ಗಲ್ಲಾದಲ್ಲಿ ಕೂರುತ್ತಾರೆ. ಮನೆ ಬಿಡುವ ಮಾತು ಯಾರೂ ಎತ್ತಿಲ್ಲ. ಸಿಂಚನಾ ಶಾಲೆಯ ಪ್ರವಾಸಕ್ಕೆ ದುಡ್ಡು ಕೇಳಿದಾಗ ಯೋಚಿಸದೆ ಕೊಟ್ಟೆ, ಅದು ನನ್ನ ದೊಡ್ಡ ಗೆಲುವು.

ಮೊನ್ನೆ ಮಾರ್ಷಾ ಬಂದಳು. ಅವಳಿಗೆ ಅಂಗಡಿ ದೊಡ್ಡದು ಮಾಡಬೇಕಿದೆ, ಮತ್ತೆ ಸಾಲ ಬೇಕು. ಜಾಮೀನು ಬೇಕಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಬಾಗಿಲಲ್ಲಿ ನಿಂತು, "ನಡಿ, ಬಂದು ನನ್ನ ಮಗ್ಗಲಕ ಕುಂದರು," ಎಂದಳು. ನಾನು ತವೆ ಇಳಿಸಿ, ಕೈ ತೊಳೆದು, ಅಂಗಡಿಯನ್ನು ಬಸವರಾಜನಿಗೆ ಒಪ್ಪಿಸಿ ಹೊರಟೆ. ದಾರಿಯಲ್ಲಿ ಸಂತೋಷ ತಡೆಯಲಾರದೆ ಶಂಕ್ರವ್ವನಿಗೆ ಫೋನ್ ಮಾಡಿದೆ.

"ನಿನ್ನ ಕರದ್ರು? ಜಾಮೀನಿಗೆ?" ಎಂದು ಆಕೆ ಬೆರಗಾದಳು. "ಚಲೋ ಆತ ಬಿಡವ್ವಾ. ಈಗ ಆ ಊರಾಕಿ ಆದಿ." ಅಲ್ಲಿ ಯಾರೋ ಹೆಂಗಸರು ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು, ನನ್ನ ನೆಗೆಣ್ಣಿಯ ನಗುವೂ ಇತ್ತು. "ಜಾಮೀನ ನಿಂತಾಕಿ ಊರ ಬಿಡೂಹಂಗಿಲ್ಲ. ನೆನಪೈತಿಲ್ಲೋ?" ಎಂದಳು ಶಂಕ್ರವ್ವ.

"ನೆನಪೈತಿ."

"ಹಂಗಾರ ನೀ ಇಲ್ಲಿಗೆ ಬರೂದು?"

"ಮಾರ್ಷಾನ ಸಾಲ ತೀರಿದ ಮ್ಯಾಲ."

"ಆಕಿ ಮತ್ತೊಂದ ತಗೊಂಡ್ರ?"

ಅಷ್ಟರಲ್ಲಿ ಲೈಬ್ರರಿ ಬಂತು. ಡೋರೀನವ್ವ ನಮಗಿಂತ ಮೊದಲೇ ಬಂದು ಒಳಗೆ ಕುಳಿತು, ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ನನಗೆ ಜಾಗ ಹಿಡಿದಿದ್ದಳು. ಶಂಕ್ರವ್ವ ಇನ್ನೂ ಫೋನಿನಲ್ಲಿದ್ದಳು. ನಾನು ಚೀಲ ಎತ್ತಿ ಕುಳಿತೆ.